ಪ್ರಯತ್ನ ಪೂರ್ತಿ ಇಲ್ಲ

ಜೂನ್ 9, ಸೋಮವಾರ

ಇವತ್ತು ಒಬ್ಬ ಕಳ್ಳನನ್ನು ಹಿಡಿದೆ. ಕಳ್ಳ ಎಂದರೆ ಕೆಲಸಗಳ್ಳ.

ಮನೆಗಳಿಗೆ ಬಣ್ಣ ಬಳಿಯುವವನು, ವಯಸ್ಸು ನಲವತ್ತೆಂಟು. ಮಾರ್ಚ್‌ನಲ್ಲಿ ಏಣಿಯಿಂದ ಜಾರಿ ಬಲಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದಾನೆ. ಅವತ್ತಿನಿಂದ ಅವನ ಕಂಪನಿಯವರು ಕೂತು ಬಣ್ಣ ಕಲಸುವ ಹಗುರ ಕೆಲಸ ಕೊಟ್ಟಿದ್ದಾರೆ. ಅದನ್ನೇ ಮುಂದುವರಿಸಬೇಕೋ, ಮತ್ತೆ ಏಣಿ ಹತ್ತಿಸಬಹುದೋ ಎಂದು ಕೇಳಿ ನಮ್ಮಲ್ಲಿಗೆ ಕಳಿಸಿದ್ದರು. ಅಂಥ ಪ್ರಶ್ನೆಗೆ ನಮ್ಮ ಆಸ್ಪತ್ರೆಯಲ್ಲಿ ಉತ್ತರ ಹೇಳುವುದು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್ ಆದ ನಾನೂ ಅಲ್ಲ, ಕುರ್ಚಿ. ಯಂತ್ರಕ್ಕೆ ಉದ್ದನೆಯ ಹೆಸರೇನೋ ಇದೆ, ಎಲ್ಲರ ಬಾಯಲ್ಲೂ ಅದು ಕುರ್ಚಿಯೇ. ಕೂರಿಸಿ, ಎದೆಗೆ ಬೆಲ್ಟ್ ಬಿಗಿದು, ಕೈಗೆ ಹಿಡಿ ಕೊಟ್ಟು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತೋಳೆತ್ತಿ ಎನ್ನುತ್ತೇನೆ. ಎಷ್ಟು ಬಲ ಬಿತ್ತು ಎಂದು ಪರದೆಯ ಮೇಲೆ ಅಂಕಿ ಬರುತ್ತದೆ. ಹೀಗೆ ಮೂರು ಸಲ. ನಿಜವಾಗಿ ಶಕ್ತಿ ಹಾಕಿದವರ ಮೂರು ಅಂಕಿಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ನಾಟಕ ಆಡುವವನಿಗೆ ಹಿಂದಿನ ಸಲ ಎಷ್ಟು ಆಡಿದ್ದೆ ಎಂಬುದು ನೆನಪಿರುವುದಿಲ್ಲ. ಅಂಕಿ ಓಲಾಡುತ್ತದೆ, ಪರದೆಯೇ ಕೆಂಪು ಅಕ್ಷರದಲ್ಲಿ ಹಾಗೆಂದು ಹೇಳುತ್ತದೆ.

ಇವನದು ಮೂವತ್ತಮೂರು, ಹತ್ತೊಂಬತ್ತು, ಇಪ್ಪತ್ತೇಳು. ಪೆಟ್ಟಾಗದ ಎಡಗೈ ನಲವತ್ತಾರು.

ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಅಂಗಿಯ ಮೇಲೆ ಇನ್ನೂ ಆರದ ಹಸಿರು ಬಣ್ಣ. ನನ್ನ ಬಿಳಿ ಕೋಟು ಹೊಸದು, ಮೊನ್ನೆಯಷ್ಟೇ ನಮ್ಮ ಮನೆಯವರು ಹೊಲಿದುಕೊಟ್ಟದ್ದು. ಬೆಲ್ಟ್ ನೀವೇ ಹಾಕಿಕೊಳ್ಳಿ ಎಂದೆ. ಒಂದೇ ಕೈಯಲ್ಲಿ ತಡಕಾಡಿ ಹಾಕಿಕೊಂಡ. ಮಾತು ಜಾಸ್ತಿ. ಇದು ಕುರ್ಚಿಯೋ ವಿಮಾನವೋ, ಬೆಲ್ಟ್ ಹಾಕಿದ ಮೇಲೆ ತಿಂಡಿ ಏನಾದರೂ ಕೊಡುತ್ತೀರಾ ಎಂದು ಕೇಳಿದ. ನಾನು ನಗಲಿಲ್ಲ. ನೋವಿರುವವನಿಗೆ ತಮಾಷೆ ಎಲ್ಲಿಂದ ಬರುತ್ತದೆ?

ವರದಿಯಲ್ಲಿ "ಪ್ರಯತ್ನ ಪೂರ್ತಿ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಎದ್ದು ಹೋಗುವಾಗ, ಯಂತ್ರ ಏನು ಹೇಳಿತು ಎಂದು ಕೇಳಿದ. ವರದಿ ಕಂಪನಿಗೆ ಹೋಗುತ್ತದೆ ಎಂದೆ. ಬಾಗಿಲನ್ನು ಎಡಗೈಯಲ್ಲೇ ತೆಗೆದ. ಅಲ್ಲಿಯೂ ನಾಟಕ ಬಿಡಲಿಲ್ಲ.


ಜೂನ್ 12, ಗುರುವಾರ

ದೊಡ್ಡ ಡಾಕ್ಟರು ಮುಂದಿನ ತಿಂಗಳು ಯಾವುದೋ ಸಮ್ಮೇಳನದಲ್ಲಿ ನಮ್ಮ ಕುರ್ಚಿಯ ಬಗ್ಗೆ ಮಾತಾಡುತ್ತಾರಂತೆ. ಅದರ ಅಳತೆಯನ್ನು ಎಷ್ಟು ನಂಬಬಹುದು ಎಂದು ತೋರಿಸಬೇಕು. ದಾರಿ ಸುಲಭ: ಆರೋಗ್ಯವಾಗಿರುವ ಹನ್ನೆರಡು ಜನರನ್ನು ಇವತ್ತು ಅಳೆಯುವುದು, ಮುಂದಿನ ಗುರುವಾರ ಅವರನ್ನೇ ಮತ್ತೆ ಅಳೆಯುವುದು. ವಾರದಲ್ಲಿ ಯಾರ ಭುಜವೂ ಬದಲಾಗುವುದಿಲ್ಲವಾದ್ದರಿಂದ ಎರಡೂ ಅಳತೆ ಒಂದೇ ಆಗಬೇಕು. ಅಳೆಯುವವಳು ನಾನೇ. ಆರು ವರ್ಷದಿಂದ ಈ ಕುರ್ಚಿಯನ್ನು ನಿಮ್ಮಷ್ಟು ಬಲ್ಲವರಿಲ್ಲ ಎಂದು ಡಾಕ್ಟರು ಎಲ್ಲರ ಮುಂದೆ ಹೇಳಿದರು. ಬೇಡ ಬೇಡ ಎಂದರೂ ಖುಷಿಯಾಯಿತು.

ಗೇಟಿನ ಕಾವಲಿನವನು, ಲ್ಯಾಬಿನವರು, ನೆಲ ಒರೆಸುವ ಅಕ್ಕ, ಎಲ್ಲರೂ ಬಂದು ಕೂತರು. ಕಾವಲಿನವನು ಐವತ್ತೆಂಟು ಎತ್ತಿ, ಬೋರ್ಡಿನ ಮೇಲೆ ಬರೆಯಿರಿ ಎಂದು ಪಟ್ಟು ಹಿಡಿದ.

ಮನೆಯಲ್ಲಿ ಇವರಿಗೆ ಪೇಂಟರನ ಕಥೆ ಹೇಳಿದೆ. ಇವರು ಯಾರದೋ ತೋಳಿನ ಅಳತೆ ನೋಡಿಕೊಂಡು ಬಟ್ಟೆ ಕತ್ತರಿಸುತ್ತಿದ್ದರು. ತಲೆ ಎತ್ತದೆ, "ಅಳತೆ ಓಲಾಡ್ತು ಅಂದೆಯಲ್ಲ, ಓಲಾಡಿದ್ದು ಅವನೋ ನಿನ್ನ ಟೇಪೋ?" ಎಂದರು. ಅದೇನು ನಿಮ್ಮ ಅಂಗಡಿಯ ಟೇಪಾ, ಜಗ್ಗಿದರೆ ಹಿಗ್ಗೋಕೆ ಎಂದು ರೇಗಿದೆ. ದರ್ಜಿಗೂ ಯಂತ್ರಕ್ಕೂ ಏನು ಸಂಬಂಧ.


ಜೂನ್ 19, ಗುರುವಾರ

ಹನ್ನೆರಡು ಜನರಲ್ಲಿ ಏಳು ಜನರದು ಸರಿಹೋಯಿತು. ಐದು ಜನರದು ಎಲ್ಲೆಲ್ಲಿಗೋ ಹೋಯಿತು. ಕಾವಲಿನವನು ಐವತ್ತೆಂಟರಿಂದ ನಲವತ್ತೊಂದಕ್ಕೆ ಇಳಿದ. ಅವನಿಗೆ ಎಷ್ಟು ಅವಮಾನವಾಯಿತೆಂದರೆ ಔಷಧಿ ಅಂಗಡಿಯವನನ್ನು ಕರೆದು ಮೇಜಿನ ಮೇಲೆ ಪಂಜ ಕುಸ್ತಿ ಹಾಕಿ, ಸೋಲಿಸಿ, ಈಗ ಹೇಳಿ ಮೇಡಂ ಎಂದ.

ದೊಡ್ಡ ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಹೋದ ವಾರಕ್ಕೂ ಈ ವಾರಕ್ಕೂ ಏನು ವ್ಯತ್ಯಾಸ ಮಾಡಿದಿರಿ ಎಂದು ಕೇಳಿದರು. ಏನೂ ಇಲ್ಲ ಸರ್ ಎಂದೆ. ಹೇಳುವಾಗ ಅದು ನಿಜವೆಂದೇ ನಂಬಿದ್ದೆ.

ಬಸ್ಸಿನಲ್ಲಿ ನಿಂತಿರುವಾಗ ನೆನಪಾಯಿತು. ಇವತ್ತು ನನ್ನ ಜೊತೆ ಕೆಲಸ ಮಾಡುವವಳು ರಜೆ, ಹೊರಗೆ ರೋಗಿಗಳ ಸಾಲು, ಮಧ್ಯಾಹ್ನದ ನಂತರ ಬಂದವರಿಗೆಲ್ಲ ಬೆಲ್ಟ್ ನೀವೇ ಹಾಕಿಕೊಳ್ಳಿ ಎಂದಿದ್ದೆ. ಎಷ್ಟು ಜನ ಎಂದು ಬೆರಳು ಮಡಚಿ ಎಣಿಸಿದೆ. ಐದು. ಅದೇ ಐದು.

ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು.


ಜೂನ್ 20, ಶುಕ್ರವಾರ

ಎಲ್ಲರೂ ಊಟಕ್ಕೆ ಹೋದಾಗ ನಾನೇ ಕುರ್ಚಿಯಲ್ಲಿ ಕೂತೆ. ಗುಂಡಿ ಒತ್ತಲು ನೆಲ ಒರೆಸುವ ಅಕ್ಕನನ್ನು ಕರೆದೆ.

ಬೆಲ್ಟ್ ಬಿಗಿಯಾಗಿ ಹಾಕಿದಾಗ ಇಪ್ಪತ್ತೆರಡು, ಇಪ್ಪತ್ತೊಂದು, ಇಪ್ಪತ್ತೆರಡು. ಮೂರು ಬೆರಳು ಸಡಿಲ ಬಿಟ್ಟಾಗ ಇಪ್ಪತ್ತೈದು, ಹದಿನಾಲ್ಕು, ಇಪ್ಪತ್ತು. ತೋಳು ಎತ್ತುವಾಗ ಮೈಯೂ ವಾಲುತ್ತದೆ, ಭುಜದ ಕೀಲು ಯಂತ್ರದ ಕೀಲಿನ ನೇರಕ್ಕೆ ನಿಲ್ಲುವುದಿಲ್ಲ. ಒಂದು ಸಲ ಮೈಯ ಭಾರವೂ ಸೇರಿಕೊಳ್ಳುತ್ತದೆ, ಇನ್ನೊಂದು ಸಲ ತೋಳಿನ ಬಲವೂ ಪೂರ್ತಿ ತಲುಪುವುದಿಲ್ಲ. ಇದು ಮೊದಲ ವರ್ಷದ ಪಾಠ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ.

ಪರದೆಯಲ್ಲಿ ಕೆಂಪು ಅಕ್ಷರ ಬಂತು. ಅಕ್ಕ ಬಗ್ಗಿ, ಕೂಡಿಸಿಕೊಂಡು ಓದಿದರು: ಪ್ರಯತ್ನ ಪೂರ್ತಿ ಇಲ್ಲ. "ಅಯ್ಯೋ, ಕತ್ತಿನ ನರ ಉಬ್ಬೋ ಹಾಗೆ ಎತ್ತಿದ್ರಲ್ಲ, ಇನ್ನೇನು ಮಾಡ್ಬೇಕಂತೆ ಇದಕ್ಕೆ?" ಎಂದರು.

ಪೇಂಟರನ ಹಾಳೆ ತೆಗೆದು ನೋಡಿದೆ. ನನ್ನ ಸಹಿ ದುಂಡಗೆ, ಚೆನ್ನಾಗಿದೆ.


ಜೂನ್ 21, ಶನಿವಾರ

ಅವನ ಬೆಲ್ಟ್ ನಾನು ಬಿಗಿಯದೆ ಇದ್ದದ್ದು ಕೋಟಿಗೆ ಬಣ್ಣ ಅಂಟೀತೆಂದು. ಬೇರೆ ಯಾವ ಕಾರಣವೂ ಇಲ್ಲ. ಎಷ್ಟು ಹುಡುಕಿದರೂ ಅಷ್ಟೇ.


ಜೂನ್ 27, ಶುಕ್ರವಾರ

ಆರು ದಿನದಿಂದ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಡಾಕ್ಟರ ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಒಂದು ದಿನ ಅವರು ಫೋನಿನಲ್ಲಿದ್ದರು, ಒಂದು ದಿನ ಇರಲಿಲ್ಲ. ಉಳಿದ ದಿನ ಇದ್ದರು.

ಇವತ್ತು ಒಬ್ಬ ಹೆಂಗಸು ಬೆಂಚಿನ ಮೇಲೆ ಎಲ್ಲ ರೋಗಿಗಳೂ ಹೋಗುವ ತನಕ ಕಾದು ಕೂತಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿದ ಒಂದು ಹಾಳೆ. ನೋಡಿದ ಕೂಡಲೇ ನನ್ನದೆಂದು ಗೊತ್ತಾಯಿತು. ಪೇಂಟರನ ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸವಂತೆ.

ವರದಿ ಬಂದದ್ದು ಹದಿನಾರನೇ ತಾರೀಕು. ಅವತ್ತೇ ಮೇಸ್ತ್ರಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಗಂಡನನ್ನು ಏಣಿ ಹತ್ತಿಸಿದರಂತೆ. ಕೆಲಸದ ಜಾಗದಲ್ಲಿ ಈಗ ಎಲ್ಲರೂ "ಏನಪ್ಪಾ ಹೀರೋ" ಎಂದೇ ಕೂಗುತ್ತಾರಂತೆ. ಇದೆಲ್ಲ ಹೇಳುವಾಗ ಅವರ ದನಿ ಸರಿಯಾಗಿಯೇ ಇತ್ತು. ಆಮೇಲೆ ಹೇಳಿದರು:

"ಬಿದ್ದಾಗಿಂದ ಅವರ ಅಂಗಿ ಗುಂಡಿ ನಾನೇ ಹಾಕ್ತಿದ್ದೆ ಮೇಡಂ. ಕೈ ಮೇಲಕ್ಕೆ ಬರ್ತಿರಲಿಲ್ಲ. ಈ ಕಾಗದ ಓದಿದ ಮೇಲೆ ಹಾಕೋದು ಬಿಟ್ಟೆ. ಈಗ ಗುಂಡಿ ಹಾಕದೇನೇ ಹೋಗ್ತಾರೆ, ಕೇಳೋದೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನಗೊಂದು ಸುಳ್ಳು ಹೇಳಿದವರಲ್ಲ. ನೀವು ಓದಿದವರು, ನೀವೇ ಹೇಳಿ. ಇದೊಂದು ಹೇಳಿದ್ರಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

ನಾನು ಹೇಳಿದ್ದು: "ವರದಿಯಲ್ಲಿ ಇರೋದಕ್ಕಿಂತ ಹೆಚ್ಚು ನಾನೇನೂ ಹೇಳೋಕಾಗಲ್ಲಮ್ಮ."

ಆಕೆ ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿ, ಚೀಲಕ್ಕೆ ಹಾಕಿ, ತೊಂದರೆ ಕೊಟ್ಟೆ ಎಂದು ಹೇಳಿ ಹೋದರು. ನನಗೆ ತೊಂದರೆ ಕೊಟ್ಟೆ ಎಂದು.


ಜೂನ್ 29, ಭಾನುವಾರ

ಇವರು ಏನಾಯಿತು ಎಂದು ನಿನ್ನೆಯಿಂದ ಮೂರು ಸಲ ಕೇಳಿದರು. ಮೂರನೇ ಸಲ ಹೇಳಿಬಿಟ್ಟೆ. ಅಂಗಿಯ ಬಣ್ಣ, ಕೋಟು, ಆ ಹೆಂಗಸು, ಎಲ್ಲವನ್ನೂ. ಅದು ಇವರು ಹೊಲಿದ ಕೋಟೇ ಎಂಬುದನ್ನೂ ಬಿಡಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಸಮಾಧಾನ ಹೇಳುತ್ತಾರೆ ಎಂದೂ ಒಂದು ಮೂಲೆಯಲ್ಲಿ ಆಸೆ ಇತ್ತು. ಎರಡೂ ಮಾಡಲಿಲ್ಲ. ತಪ್ಪು ಕತ್ತರಿಸಿದ ಬಟ್ಟೆಯನ್ನು ಬೀರುವಿನಲ್ಲಿ ಇಟ್ಟರೆ ಅದು ಸರಿಯಾಗುವುದಿಲ್ಲ, ಗಿರಾಕಿಗೆ ಹೇಳಲೇಬೇಕು, ಬೇಗ ಹೇಳಿದಷ್ಟು ಒಳ್ಳೆಯದು ಎಂದರು. ಆಮೇಲೆ ತಟ್ಟೆ ತೊಳೆದಿಟ್ಟರು.


ಜುಲೈ 1, ಮಂಗಳವಾರ

ಡಾಕ್ಟರ ಎದುರು ಕೂರಲಿಲ್ಲ, ನಿಂತೇ ಹೇಳಿದೆ. ಕೂತರೆ ಮಾತು ಬೇರೆ ಕಡೆ ತಿರುಗುತ್ತದೆಂದು ಹೆದರಿಕೆ.

ಮೊದಲು ಅವರಿಗೆ ಸಮಾಧಾನವಾದಂತೆ ಕಂಡಿತು. ಕುರ್ಚಿಯಲ್ಲಿ ದೋಷವಿಲ್ಲ, ಕೂರಿಸುವುದರಲ್ಲಿದೆ ಎಂದಾಯಿತಲ್ಲ. ಇನ್ನು ಮುಂದೆ ಬೆಲ್ಟನ್ನು ನಾವೇ ಬಿಗಿಯೋಣ, ಹಾಳೆಯಲ್ಲಿ ಅದಕ್ಕೊಂದು ಕಾಲಂ ಸೇರಿಸೋಣ ಎಂದರು. ಹಾಗಾದರೆ ಆ ಪೇಂಟರ್ ಎಂದೆ. ಅವರನ್ನು ಮತ್ತೆ ಕರೆಸಬಹುದು ಎಂದರು. ಆಮೇಲೆ ಏನೋ ಹೊಳೆದು, ಈ ಆರು ವರ್ಷದಲ್ಲಿ ಎಷ್ಟು ಜನಕ್ಕೆ ಹಾಗೆ ಬರೆದಿದ್ದೀರಿ ಎಂದು ಕೇಳಿದರು. ಹದಿನೇಳು ಎಂದೆ. ಅವರಲ್ಲಿ ಎಷ್ಟು ಜನ ಬೆಲ್ಟ್ ತಾವೇ ಹಾಕಿಕೊಂಡಿದ್ದರು?

ನನಗೆ ಗೊತ್ತಿಲ್ಲ. ಹಾಳೆಯಲ್ಲಿ ಆ ಕಾಲಂ ಇರಲಿಲ್ಲ.

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇದನ್ನು ಬರೆದು ಕೊಟ್ಟರೆ ನಿಮಗೂ ಕಷ್ಟ, ನನಗೂ ಕಷ್ಟ ಎಂದರು. ಹೌದು ಸರ್ ಎಂದೆ. ಕನ್ನಡಕ ಮತ್ತೆ ಹಾಕಿಕೊಂಡು, "ಬರೆದು ಕೊಡಿ" ಎಂದರು. ಬರೆದು ಕೊಟ್ಟದ್ದರ ವಿಚಾರಣೆ ಮುಗಿಯುವ ತನಕ ಯಾವ ವರದಿಗೂ ನಾನು ಸಹಿ ಹಾಕುವಂತಿಲ್ಲ. ಜೊತೆಯವಳು ಹಾಕುತ್ತಾಳೆ. ಅವಳು ನನ್ನ ಮುಖ ನೋಡದೆ ಸೀಲು ತೆಗೆದುಕೊಂಡಳು.


ಜುಲೈ 5, ಶನಿವಾರ

ಕರೆಸುವುದಲ್ಲ, ನಾನೇ ಹೋಗಬೇಕು ಅನ್ನಿಸಿತು. ಕಂಪನಿಯಿಂದ ವಿಳಾಸ ತೆಗೆದುಕೊಂಡೆ. ಅರ್ಧ ಮುಗಿದ ಮೂರಂತಸ್ತಿನ ಕಟ್ಟಡ. ಪೇಂಟರರು ಗೋಡೆಯ ಕೆಳಭಾಗಕ್ಕೆ ಎಡಗೈಯಲ್ಲಿ ಬಣ್ಣ ಹಚ್ಚುತ್ತಿದ್ದರು. ಏಣಿಯ ಮೇಲೆ ಎರಡು ಸಲ ಡಬ್ಬ ಕೈಜಾರಿದ ಮೇಲೆ ಮೇಸ್ತ್ರಿಯೇ ಕೆಳಗಿಳಿಸಿದರಂತೆ. ಅಂಗಿಯ ಗುಂಡಿಗಳು ತೆರೆದೇ ಇದ್ದವು.

ನನ್ನನ್ನು ಕಂಡು ಬ್ರಷ್ ಇಳಿಸಿ ಎದ್ದು ನಿಂತರು. ಕೂರಲು ಒಂದು ಡಬ್ಬವನ್ನು ಬೋರಲು ಹಾಕಿ, ಮೇಲೆ ಕಾಗದ ಹಾಸಿದರು. ನಾನು ಕೂರಲಿಲ್ಲ. ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. ಅಂಕಿ ಓಲಾಡಿದ್ದು ನಿಮ್ಮಿಂದಲ್ಲ, ಬೆಲ್ಟ್ ಸಡಿಲ ಇದ್ದದ್ದರಿಂದ, ಅದನ್ನು ಬಿಗಿಯಬೇಕಾದವಳು ನಾನು ಎಂದೆ. ಯಾಕೆ ಬಿಗಿಯಲಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ಬಿಟ್ಟು ಹೇಳಬಹುದಾಗಿತ್ತು; ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವರು ಡಬ್ಬದ ಅಂಚಿನ ಬಣ್ಣವನ್ನು ಬೆರಳಿನಿಂದ ಒರೆಸಿದರು.

"ಅದು ಒಣಗಿತ್ತು ಮೇಡಂ," ಎಂದರು. "ಬೆಳಿಗ್ಗೆನೇ ಬಿದ್ದಿದ್ದ ಬಣ್ಣ. ನಿಮಗೆ ಅಂಟ್ತಿರಲಿಲ್ಲ."

ಕ್ಷಮಿಸಿ ಎನ್ನಲು ಹೋದೆ. ಅವರು ಕೈ ಅಡ್ಡ ಹಿಡಿದರು, ಎಡಗೈ.

"ನನಗೆ ಹೇಳ್ಬೇಡಿ. ನಾನು ಸುಳ್ಳು ಹೇಳ್ತಿಲ್ಲ ಅಂತ ನನಗೆ ಮೊದಲಿಂದಲೇ ಗೊತ್ತು. ಮನೆಯವಳಿಗೆ ಹೇಳಿ."

ಲಾಂಡ್ರಿ ಎರಡು ಬೀದಿ ಆಚೆ. ಆಕೆ ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ ಕೇಳಿಸಿಕೊಂಡರು. ಪಕ್ಕದಲ್ಲಿ ಇನ್ನಿಬ್ಬರು ಕೆಲಸದವರಿದ್ದರು. ದನಿ ತಗ್ಗಿಸೋಣ ಅನ್ನಿಸಿತು, ತಗ್ಗಿಸಲಿಲ್ಲ. ನಿಮ್ಮವರು ಸುಳ್ಳು ಹೇಳಲಿಲ್ಲ, ಆವತ್ತು ನೀವು ಕೇಳಿದಾಗಲೂ ನನಗೆ ಅದು ಗೊತ್ತಿತ್ತು ಎಂದೆ. ಆಕೆ ಕೈಯಲ್ಲಿದ್ದ ಅಂಗಿಯ ಎರಡೂ ತೋಳು ಮುಗಿಸಿ, ಮಡಚಿ, ಇನ್ನೊಂದು ತೆಗೆದುಕೊಂಡರು.

"ಆ ಕಾಗದ ಬಂದು ಹತ್ತೊಂಬತ್ತು ದಿನ," ಎಂದರು. ನನಗೋ ತಮಗೋ ಗೊತ್ತಾಗಲಿಲ್ಲ. ಆ ಅಂಗಿಯ ಕಾಲರ್ ಮುಗಿಯುವ ತನಕ ನಿಂತಿದ್ದು ಬಂದೆ.


ಜುಲೈ 9, ಬುಧವಾರ

ಇವತ್ತು ಅವರಿಬ್ಬರೂ ಬಂದಿದ್ದರು. ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿತ್ತು. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಆದರೆ ಬೆಂಚಿನ ಮೇಲೆ ನಡುವೆ ಜಾಗ ಬಿಟ್ಟಿರಲಿಲ್ಲ.

ಅಳೆಯುವ ಅಧಿಕಾರ ಸದ್ಯ ನನಗಿಲ್ಲ. ಜೊತೆಯವಳು ಅಳೆದಳು, ಡಾಕ್ಟರು ಪಕ್ಕದಲ್ಲಿ ನಿಂತಿದ್ದರು. ಬೆಲ್ಟ್ ಮಾತ್ರ ನಾನು ಹಾಕಲೇ ಎಂದು ಪೇಂಟರರನ್ನೇ ಕೇಳಿದೆ. ಹಾಕಿ ಎಂದರು. ಬಗ್ಗಿ ಹಾಕಿದೆ. ಎಲ್ಲಿ ನೋಯುತ್ತದೆ, ಎಷ್ಟು ಎತ್ತಿದಾಗ ನೋಯುತ್ತದೆ ಎಂದೂ ಕೇಳಿದೆ. ಜೂನ್ ಒಂಬತ್ತರಂದು ಇದನ್ನು ಕೇಳಿರಲೇ ಇಲ್ಲ ಎಂದು ಕೇಳುವಾಗಲೇ ಗೊತ್ತಾಯಿತು. ಅವರು ಬೆರಳಿಟ್ಟು ತೋರಿಸಿದರು. ಅಷ್ಟು ಸ್ಪಷ್ಟವಾಗಿ ತೋರಿಸುವವರನ್ನು ಕೇಳುವುದು ಬಿಟ್ಟು ನಾನು ಪರದೆ ನೋಡುತ್ತಾ ಕೂತಿದ್ದೆ.

ಹದಿನೈದು, ಹದಿನಾಲ್ಕು, ಹದಿನೈದು.

ಪೂರ್ತಿ ಪ್ರಯತ್ನ. ಆವತ್ತಿನ ಅತಿ ಕಡಿಮೆ ಅಂಕಿಗಿಂತಲೂ ಕಡಿಮೆ. ಸಂಜೆ ಸ್ಕ್ಯಾನ್ ಬಂತು. ಭುಜದ ಸ್ನಾಯು ಹೆಚ್ಚುಕಡಿಮೆ ಪೂರ್ತಿ ಹರಿದಿದೆ. ಆಪರೇಷನ್ ಆಗಬೇಕು. ಆಮೇಲೆ ಏಣಿಯ ಕೆಲಸ ಸಾಧ್ಯವೋ ಇಲ್ಲವೋ, ಈಗ ಹೇಳಲಾಗದು.

ಆ ಹತ್ತೊಂಬತ್ತು ದಿನದಲ್ಲಿ ಹರಿಯಿತೇ ಎಂದು ಆಕೆ ಡಾಕ್ಟರನ್ನು ಕೇಳಿದರು. ಇರಬಹುದು, ಮೊದಲೇ ಹರಿದಿರಲೂಬಹುದು, ಖಚಿತವಾಗಿ ಹೇಳಲು ಜೂನ್‌ನಲ್ಲಿ ಎಷ್ಟು ಬಲವಿತ್ತೆಂದು ತಿಳಿಯಬೇಕು ಎಂದರು ಡಾಕ್ಟರು. ಜೂನ್‌ನಲ್ಲಿ ಎಷ್ಟಿತ್ತು ಎಂಬುದು ಇನ್ನು ಯಾರಿಗೂ ಯಾವತ್ತೂ ತಿಳಿಯುವುದಿಲ್ಲ. ಅದಕ್ಕೆ ಇದ್ದದ್ದು ಒಂದೇ ಅಳತೆ, ನನ್ನದು.


ಜುಲೈ 11, ಶುಕ್ರವಾರ

ತಿದ್ದುಪಡಿಯ ಕಾಗದ ಕಂಪನಿಗೆ ಹೋಯಿತು. ಹಗುರ ಕೆಲಸ, ಆಪರೇಷನ್ನಿಗೆ ರಜೆ, ಎರಡೂ ಒಪ್ಪಿದ್ದಾರೆ. ಹಳೆಯ ವರದಿಯನ್ನು ಓದಿದ ಹಾಗೇ ಇದನ್ನೂ ಎಲ್ಲರಿಗೂ ಕೇಳುವಂತೆ ಓದಬೇಕೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಡಾಕ್ಟರು ಅದನ್ನು ಹೊಡೆದುಹಾಕುತ್ತಾರೆ ಅಂದುಕೊಂಡೆ. ಹಾಗೇ ಬಿಟ್ಟರು. ಮೇಸ್ತ್ರಿ ಓದಿದರೋ ಇಲ್ಲವೋ ಗೊತ್ತಿಲ್ಲ. ಹೋಗಿ ಕೇಳಲು ಧೈರ್ಯವಾಗಲಿಲ್ಲ.


ಜುಲೈ 16, ಬುಧವಾರ

ಉಳಿದ ಹದಿನಾರು ಜನರ ಹಾಳೆ ಮುಂದಿಟ್ಟುಕೊಂಡು ಫೋನ್ ಮಾಡಲು ಕೂತೆ. ಇದು ಡಾಕ್ಟರು ಹೇಳಿದ ಕೆಲಸ. ನಾನಾಗಿ ಮಾಡುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಮೊದಲ ನಂಬರ್ ಚಾಲ್ತಿಯಲ್ಲಿಲ್ಲ. ಎರಡನೆಯವರು ಬಟ್ಟೆ ಗಿರಣಿಯಲ್ಲಿದ್ದವರು. ಪೂರ್ತಿ ಕೇಳಿಸಿಕೊಂಡು, ಈಗ ಹೇಳ್ತೀರಾ ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ, ತೆಗೆಯಲಿಲ್ಲ.

ಮೂರನೆಯವರು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು, ನಾಲ್ಕು ವರ್ಷದ ಹಿಂದಿನ ಮಾತು. ನಾನು ಅದೇ ಮಾತುಗಳನ್ನು ಮತ್ತೆ ಹೇಳಿದೆ: ನೀವು ಪೂರ್ತಿ ಶಕ್ತಿ ಹಾಕಲಿಲ್ಲವೆಂದು ಬರೆದಿದ್ದೆ, ಹಾಗೆ ಬರೆಯಲು ನನ್ನ ಬಳಿ ಸರಿಯಾದ ಆಧಾರ ಇರಲಿಲ್ಲ. ಅವರು ಗಟ್ಟಿಯಾಗಿ ನಕ್ಕರು.

"ಬಿಡಿ ಮೇಡಂ, ಆವತ್ತು ನಾನು ನಿಜವಾಗ್ಲೂ ನಾಟಕನೇ ಆಡಿದ್ದು. ತಂಗಿ ಮಗು ನೋಡೋಕೆ ಹೋಗ್ಬೇಕಿತ್ತು, ರಜೆ ಕೊಡ್ತಿರಲಿಲ್ಲ. ನೀವು ಸರಿಯಾಗೇ ಹಿಡಿದ್ರಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನೂ ನಕ್ಕೆ. ಒಂದಾದರೂ ಸರಿ ಇತ್ತಲ್ಲ ಎಂದು, ನಾಚಿಕೆಯಿಲ್ಲದೆ, ಖುಷಿಪಟ್ಟೆ. ಆಮೇಲೆ ಅವರ ಹಾಳೆಯಲ್ಲಿದ್ದ ಅಂಕಿ ನೋಡಿದೆ. ಮೂವತ್ತನಾಲ್ಕು, ಇಪ್ಪತ್ತು, ಇಪ್ಪತ್ತೆಂಟು. ಪೇಂಟರರದಕ್ಕೆ ಒಂದೊಂದೇ ವ್ಯತ್ಯಾಸ. ಒಬ್ಬರು ಸುಳ್ಳು ಹೇಳಿದ್ದರು, ಒಬ್ಬರು ಪ್ರಾಣ ಹೋಗುವ ಹಾಗೆ ಎತ್ತಿದ್ದರು. ನನ್ನ ಕಣ್ಣಿಗೆ ಇಬ್ಬರೂ ಒಂದೇ ಆಗಿ ಕಂಡಿದ್ದರು, ಎರಡು ಸಲವೂ ಅಷ್ಟೇ ದುಂಡಗೆ ಸಹಿ ಹಾಕಿದ್ದೆ.

ನಿಮ್ಮ ಹಾಳೆಯಲ್ಲೂ ತಿದ್ದುತ್ತೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೇ ಒಪ್ಪಿಕೊಳ್ತಿದ್ದೀನಲ್ಲ, ಇನ್ನೇನು ತಿದ್ದೋದು ಎಂದರು. ನೀವು ಒಪ್ಪಿಕೊಂಡದ್ದು ಇವತ್ತು, ನಾನು ಬರೆದದ್ದು ಆವತ್ತು ಎಂದೆ.

"ಪ್ರಯತ್ನ ಪೂರ್ತಿ ಇಲ್ಲ" ಎಂಬುದರ ಮೇಲೆ ಗೆರೆ ಎಳೆದು, ಕೆಳಗೆ "ಈ ಅಳತೆಯಿಂದ ಗೊತ್ತಾಗುವುದಿಲ್ಲ" ಎಂದು ಬರೆದೆ. ಆರು ವರ್ಷದಲ್ಲಿ ಈ ಮಾತನ್ನು ಒಂದು ಹಾಳೆಯ ಮೇಲೂ ಬರೆದಿರಲಿಲ್ಲ. ಸಹಿ ಹಾಕುವ ಅಧಿಕಾರ ಇನ್ನೂ ಬಂದಿಲ್ಲವಾದ್ದರಿಂದ ಆ ಜಾಗ ಖಾಲಿ ಬಿಟ್ಟು ನಾಲ್ಕನೆಯ ಹಾಳೆ ತೆಗೆದೆ.